ಟಾಯ್ಲೆಟ್ ಕ್ಯಾಲೆಂಡರಿನಲ್ಲಿ ನನ್ನ ಹೆಸರು: ಇದು ಪ್ರೀತಿಯಾ, ಆಟದ ಗೆಳೆತನವಾ?

ಪ್ರಶ್ನೆ:

ನನಗೆ 24 ವರ್ಷ. ವಿರಾಜಪೇಟೆ ಹತ್ತಿರದ ಹಳ್ಳಿಯವಳು. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗನ್‌ನಲ್ಲಿ ಎಂಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಚಿಕ್ಕಪ್ಪ ನನ್ನ ಕೈಗೆ ಹಾಕಿ ಸ್ಟಿಕ್ ಕೊಟ್ಟಾಗ ನನಗೆ ಆರು ವರ್ಷ. ಹಾಗಾಗಿ ಇಲ್ಲಿಗೆ ಬಂದ ತಿಂಗಳಲ್ಲೇ ಒಂದು ಕ್ಲಬ್ ಸೇರಿದೆ. ಮಹಿಳೆಯರ ಮೂರನೇ ತಂಡದಲ್ಲಿ ಆಡುತ್ತೇನೆ. ನಮಗೆ ಟ್ರೇನಿಂಗ್ ಕೊಡುವವನು ಅದೇ ಕ್ಲಬ್ಬಿನ ಪುರುಷರ ತಂಡದ ಆಟಗಾರ. ಡಚ್ ಹುಡುಗ, 27 ವರ್ಷ. ಹತ್ತು ತಿಂಗಳಿಂದ ಪ್ರೀತಿಸುತ್ತಿದ್ದೇವೆ. ಅಂದರೆ, ನಾನಂತೂ ಪ್ರೀತಿಸುತ್ತಿದ್ದೇನೆ. ಅವನದು ಏನು ಅಂತಲೇ ಗೊತ್ತಾಗುತ್ತಿಲ್ಲ.

ಇಬ್ಬರೂ ಕಾಫಿ ಕುಡಿದರೆ ಸಂಜೆಯೊಳಗೆ 'ನಿನ್ನ ಪಾಲು 3 ಯೂರೊ 20 ಸೆಂಟ್' ಅಂತ ಮೆಸೇಜ್ ಬರುತ್ತದೆ. ಎಲ್ಲರ ಮುಂದೆ 'ಆ ಪಾಸ್ ಕೆಟ್ಟದಾಗಿತ್ತು, ಬಾಲ್ ಹಿಡಿದುಕೊಂಡು ಯಾಕೆ ನಿಂತೆ' ಅನ್ನುತ್ತಾನೆ. ಬೇರೆ ಹುಡುಗಿಯರಿಗೂ ಹಾಗೇ ಹೇಳುತ್ತಾನೆ, ಅವರು ನಗುತ್ತಾ ತಿರುಗಿ ಜಗಳ ಮಾಡುತ್ತಾರೆ, ನನಗೆ ಅಳು ಬರುತ್ತದೆ. ಮದುವೆ ಮಾತು ಒಂದು ದಿನವೂ ಎತ್ತಿಲ್ಲ. ಅವನ ಅಮ್ಮ ಕಾಫಿ ಜೊತೆ ಒಂದೇ ಒಂದು ಬಿಸ್ಕತ್ ಕೊಟ್ಟು ಡಬ್ಬಿ ಮುಚ್ಚಿಟ್ಟರು. ಮೊನ್ನೆ ಹೋದಾಗ ನೋಡಿದರೆ, ಟಾಯ್ಲೆಟ್ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಹೆಸರು ಬರೆದಿದ್ದಾರೆ. ಇದಕ್ಕಿಂತ ಅವಮಾನ ಇದೆಯಾ?

ನವೆಂಬರ್‌ನ ಒಂದು ಭಾನುವಾರ ನನ್ನ ಅಜ್ಜಿ ತೀರಿಕೊಂಡರು. ಅವತ್ತು ಅವನಿಗೆ ಬೇರೆ ಊರಲ್ಲಿ ಮ್ಯಾಚ್ ಇತ್ತು. 'ಹೋಗಲಾ?' ಅಂತ ಕೇಳಿದ. 'ಪರವಾಗಿಲ್ಲ, ಹೋಗು' ಅಂದೆ. ಹೋಗಿಯೇ ಬಿಟ್ಟ. ಮ್ಯಾಚ್ ನಾಲ್ಕೂವರೆಗೆ ಮುಗಿದಿತ್ತು. ಅವನು ಬಂದಿದ್ದು ರಾತ್ರಿ ಎಂಟೂವರೆಗೆ.

ಈಗ ಏಪ್ರಿಲ್‌ನಲ್ಲಿ ಎರಡು ಮ್ಯಾಚ್ ಬಿಟ್ಟು ಕೊಡಗಿಗೆ ಬರುತ್ತಾನಂತೆ, ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಬೇಕಂತೆ. ಮನೆಯಲ್ಲಿ 'ನಮ್ಮ ಕೋಚ್ ಬರುತ್ತಾರೆ' ಅಂತಷ್ಟೇ ಹೇಳಿದ್ದೇನೆ. ಅಮ್ಮ ಗಂಡು ಹುಡುಕಲು ಶುರು ಮಾಡಿದ್ದಾರೆ. ಇದು ಪ್ರೀತಿಯಾ, ಸುಮ್ನೆ ಆಟದ ಗೆಳೆತನವಾ? ಮನೆಯಲ್ಲಿ ಹೇಳಲಾ?

ಉತ್ತರ:

ತಂಗಿ, ಟಾಯ್ಲೆಟ್ ಕ್ಯಾಲೆಂಡರಿನಿಂದಲೇ ಶುರು ಮಾಡುತ್ತೇನೆ. ಅವಮಾನ ಅಂತ ನೀವು ಬರೆದ ಆ ಸಾಲು ಓದಿ ನಾನು ಜೋರಾಗಿ ನಕ್ಕುಬಿಟ್ಟೆ. ಕ್ಷಮಿಸಿ. ಆಪ್ತ ಸಲಹೆಯ ಕೆಲಸಕ್ಕೆ ಬರುವ ಮುಂಚೆ ನಾನು ಹನ್ನೊಂದು ವರ್ಷ ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟೆಲ್‌ವೀನ್‌ನಲ್ಲಿ ಸಂಸಾರ ಮಾಡಿದವಳು. ಮಗಳು ಅಲ್ಲಿನ ಕ್ಲಬ್ಬಿನಲ್ಲಿ ಹಾಕಿ ಆಡುತ್ತಿದ್ದಳು. ಆ ಕ್ಯಾಲೆಂಡರ್ ನನಗೆ ಚೆನ್ನಾಗಿ ಗೊತ್ತು.

ಡಚ್ಚರ ಮನೆಯಲ್ಲಿ ಹುಟ್ಟುಹಬ್ಬದ ಕ್ಯಾಲೆಂಡರ್ ತೂಗುವುದೇ ಟಾಯ್ಲೆಟ್ಟಿನಲ್ಲಿ. ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬೀಳಲಿ, ಯಾರ ಹುಟ್ಟುಹಬ್ಬವೂ ಮರೆತು ಹೋಗದಿರಲಿ ಅಂತ. ಸರಿಯಾಗಿ ನೋಡಿ, ಅದರಲ್ಲಿ ಇಸವಿ ಇರುವುದಿಲ್ಲ, ಸೋಮವಾರ ಮಂಗಳವಾರ ಇರುವುದಿಲ್ಲ. ಬರೀ ತಿಂಗಳು, ತಾರೀಖು. ಒಮ್ಮೆ ಹೆಸರು ಬರೆದರೆ ಅದು ಪ್ರತಿ ವರ್ಷಕ್ಕೂ ಸೇರಿ ಬರೆದ ಹಾಗೆ. ನಮ್ಮ ಪಕ್ಕದ ಮನೆಯಾಕೆ ನನ್ನ ಹೆಸರನ್ನು ತಮ್ಮ ಕ್ಯಾಲೆಂಡರಿಗೆ ಏರಿಸಿದ್ದು ಮೂರನೇ ವರ್ಷಕ್ಕೆ. ನಿಮಗೆ ಹತ್ತೇ ತಿಂಗಳಲ್ಲಿ ಸಿಕ್ಕಿದೆ. ಸೊಸೆ ಅಂತ ಒಪ್ಪಿಕೊಂಡರು ಅಂತ ನಾನು ಹೇಳುವುದಿಲ್ಲ, ಅಷ್ಟು ದೂರ ಹೋಗಬಾರದು. ಆದರೆ ಆ ತಾಯಿ ಪೆನ್ನು ಹಿಡಿದು ಟಾಯ್ಲೆಟ್ಟಿಗೆ ಹೋಗಿದ್ದಾರೆ ಅಂದರೆ, 'ಮಗನ ಕ್ಲಬ್ಬಿನ ಯಾರೋ ಹುಡುಗಿ' ಅನ್ನೋ ಜಾಗದಿಂದ ನಿಮ್ಮನ್ನು ಎತ್ತಿ ಮನೆಯವರ ಪಟ್ಟಿಗೆ ಹಾಕಿದ್ದಾರೆ.

ಒಂದು ಬಿಸ್ಕತ್ತಿನ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ರಾಜನಿಗೂ ಒಂದೇ ಬಿಸ್ಕತ್ ಕೊಟ್ಟಾರು. ಕಡಂಬಿಟ್ಟು ಮುಗಿಯುವ ಮೊದಲೇ ಇನ್ನೆರಡು ಬಡಿಸುವ ಮನೆಯಿಂದ ಹೋದವರಿಗೆ ಇದು ಬೇಜಾರಾಗುತ್ತದೆ, ನನಗೂ ಆಗಿತ್ತು. ಊಟ ಮಾಡಿಕೊಂಡು ಹೋಗಿ, ಅಷ್ಟೇ.

ದುಡ್ಡಿನ ಮೆಸೇಜ್ ಬೇರೆ ಥರದ್ದು, ಸ್ವಲ್ಪ ನಿಂತು ನೋಡಬೇಕು. ಆ ಆ್ಯಪ್ ಹೆಸರು ಟಿಕ್ಕಿ, ಅಲ್ವಾ? ತಿನ್ನುವ ಟಿಕ್ಕಿ ಅಲ್ಲ, 2016ರಲ್ಲಿ ಎಬಿಎನ್ ಆಮ್ರೊ ಬ್ಯಾಂಕು ತಂದದ್ದು. ಈಗ ಅಲ್ಲಿ ಅಣ್ಣ ತಮ್ಮಂದಿರೂ ಒಬ್ಬರಿಗೊಬ್ಬರು ಟಿಕ್ಕಿ ಕಳಿಸುತ್ತಾರೆ. ನಮ್ಮಲ್ಲಿ 'ಬಿಡು, ನಾನು ಕೊಡುತ್ತೇನೆ' ಅನ್ನುವುದು ಪ್ರೀತಿ. ಅಲ್ಲಿ ಯಾರ ಋಣದಲ್ಲೂ ಇಡದಿರುವುದು ಮರ್ಯಾದೆ. ಇಷ್ಟಂತೂ ನಿಮಗೂ ಗೊತ್ತಿರಬಹುದು. ಆದರೆ ಅವನಿಗೆ ಗೊತ್ತಿಲ್ಲದ ಒಂದು ಲೆಕ್ಕ ಇದೆ. ಅವನ ದೇಶದ ಹುಡುಗರು ಓದಿಗೆ ವರ್ಷಕ್ಕೆ ಕಟ್ಟುವ ಫೀಸು 2,500 ಯೂರೊಗಿಂತ ಸ್ವಲ್ಪ ಹೆಚ್ಚು. ಯುರೋಪಿನ ಹೊರಗಿಂದ ಬಂದ ನೀವು ಕಟ್ಟುವುದು ಅದರ ಏಳೆಂಟು ಪಟ್ಟು. ನೀವು ದುಡಿಯೋಣ ಅಂದರೆ ಬೇಸಿಗೆಯ ತಿಂಗಳು ಬಿಟ್ಟು ವಾರಕ್ಕೆ 16 ಗಂಟೆ ಮಾತ್ರ, ಅದಕ್ಕೂ ಕೆಲಸ ಕೊಡುವವರು ಪರ್ಮಿಟ್ ತೆಗೆಸಬೇಕು. ಇಬ್ಬರ ಜೇಬು ಒಂದೇ ಅಲ್ಲದಿದ್ದಾಗ ಅರ್ಧ ಅರ್ಧ ಅನ್ನುವುದು ಸಮ ಅಲ್ಲ. ಇದನ್ನು ಅವನಿಗೆ ಹೇಳಿ. ಅಳುತ್ತಾ ಅಲ್ಲ, ಅಂಕಿ ಇಟ್ಟುಕೊಂಡು ಹೇಳಿ. ಡಚ್ಚರಿಗೆ ದುಡ್ಡಿನ ಮಾತು ಆಡಲು ನಾಚಿಕೆ ಇಲ್ಲ, ಅದು ಅವರಲ್ಲಿ ನನಗೆ ಬಹಳ ಇಷ್ಟವಾದ ಗುಣ. ಕೇಳಿಸಿಕೊಂಡ ಮೇಲೂ ಅವನು 3 ಯೂರೊ 20 ಸೆಂಟ್ ಕೇಳಿದರೆ, ಆಗ ಅದು ದೇಶದ ಗುಣ ಅಲ್ಲ, ಅವನದೇ ಗುಣ.

ನಿಮ್ಮ ಪತ್ರವನ್ನು ನಾನು ಓದಿದ್ದು ಹೀಗೆಯೇ. ಒಂದೊಂದು ಘಟನೆಯನ್ನೂ ಎತ್ತಿ ಹಿಡಿದು, ಇದು ದೇಶದ್ದಾ, ಕ್ಲಬ್ಬಿನದ್ದಾ, ಅವನದಾ, ನಿಮ್ಮದಾ ಅಂತ ನೋಡಿದೆ. ಹೊರಗೆ ಓದಲು ಹೋದ ಮಕ್ಕಳು ಎರಡು ತಪ್ಪು ಮಾಡುತ್ತಾರೆ. ಮೊದಲ ವರ್ಷ ಎಲ್ಲವನ್ನೂ ಅವಮಾನ ಅಂತ ತಿಳಿಯುತ್ತಾರೆ. ಎರಡನೇ ವರ್ಷ ಎಲ್ಲವನ್ನೂ 'ಅವರ ಕಲ್ಚರ್ ಹಾಗೆ' ಅಂತ ನುಂಗುತ್ತಾರೆ. ಎರಡನೆಯದೇ ಜಾಸ್ತಿ ಅಪಾಯ.

ಮೈದಾನದ ಜಗಳಕ್ಕೆ ಬರೋಣ. 'ಬಾಲ್ ಹಿಡಿದುಕೊಂಡು ಯಾಕೆ ನಿಂತೆ' ಅನ್ನುವ ಮಾತಿಗೆ ಐವತ್ತು ವರ್ಷ ವಯಸ್ಸಾಗಿದೆ. ನಿಮ್ಮ ಚಿಕ್ಕಪ್ಪ ಕಲಿಸಿದ್ದು ಗದ್ದೆಯ ಮಣ್ಣಿನಲ್ಲೋ ಶಾಲೆಯ ಬಯಲಿನಲ್ಲೋ. ಅಲ್ಲಿ ಚೆಂಡು ಎಗರುತ್ತದೆ, ತಿರುಗುತ್ತದೆ. ಸ್ಟಿಕ್ಕಿಗೆ ಅಂಟಿಸಿಕೊಂಡು ಇಬ್ಬರನ್ನು ದಾಟಿಸಿ ಹೋಗುವವರೇ ಆಟಗಾರರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ಹಾಕಿ ಆಡಿಸಿದರು. ನೆಲ ನುಣುಪಾಯಿತು, ಚೆಂಡು ನೇರ ಓಡತೊಡಗಿತು, ಓಟ ಮತ್ತು ಪಾಸು ಮುಖ್ಯವಾಯಿತು. ಆ ವರ್ಷ ಭಾರತ ಏಳನೇ ಸ್ಥಾನಕ್ಕೆ ಇಳಿಯಿತು. ಆಮೇಲೆ ಆ ನೆಲದ ಮೇಲೆ ಮೆರೆದವರಲ್ಲಿ ಡಚ್ಚರು ಮುಂದೆ. 2024ರ ಪ್ಯಾರಿಸ್‌ನಲ್ಲಿ ಪುರುಷರ ಚಿನ್ನ, ಮಹಿಳೆಯರ ಚಿನ್ನ ಎರಡೂ ಅವರಿಗೇ ಹೋಯಿತು. ಅವನು ನಿಮ್ಮ ಡ್ರಿಬ್ಲಿಂಗ್ ನೋಡಿ ಬಯ್ಯುವಾಗ ಬಯ್ಯುತ್ತಿರುವುದು ನಿಮ್ಮನ್ನಲ್ಲ, ಮಣ್ಣಿನ ಮೈದಾನವನ್ನು. ನೀವೂ ತಿರುಗಿ ಹೇಳಬಹುದು. ನಿಮ್ಮ ತಂಡದ ಬೇರೆ ಹುಡುಗಿಯರು ಮಾಡುತ್ತಿರುವುದೂ ಅದನ್ನೇ. ಅಲ್ಲಿ ಕೋಚ್‌ಗೆ ಎದುರು ಮಾತಾಡುವುದು ಅಧಿಕಪ್ರಸಂಗ ಅಲ್ಲ. ಸುಮ್ಮನಿದ್ದರೆ 'ಇವಳು ಒಪ್ಪಿಕೊಂಡಳು' ಅಂತ ಲೆಕ್ಕ.

ಇದರೊಳಗೆ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ ನನಗೆ ಚುಚ್ಚುತ್ತಿದೆ. ಅವನು ನಿಮ್ಮ ತಂಡದ ಟ್ರೇನರ್. ಯಾರು ಆಡಬೇಕು, ಯಾರು ಬೆಂಚಿನಲ್ಲಿ ಕೂರಬೇಕು ಅಂತ ಹೇಳುವವನು. ಸಣ್ಣ ಕ್ಲಬ್ಬಿನ ಮೂರನೇ ತಂಡ, ಎಲ್ಲರೂ ಗೆಳೆಯರೇ, ಸಂಬಳ ಅಂತ ದೊಡ್ಡದೇನೂ ಇಲ್ಲ. ಆದರೂ ಇದು ಸರಿ ಅಲ್ಲ. ಅವನು ಕೆಟ್ಟವನು ಅಂತ ಅಲ್ಲ. ನೀವು ಅತ್ತಾಗ ಗೆಳತಿಯಾಗಿ ಅತ್ತಿರಾ, ಆಟಗಾರ್ತಿಯಾಗಿ ಅತ್ತಿರಾ ಅಂತ ಅವನಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಮಾರ್ಚ್‌ನಲ್ಲಿ ಹೊರಗಿನ ಮೈದಾನದ ಆಟ ಮತ್ತೆ ಶುರುವಾಗುವ ಮೊದಲು ಒಂದೋ ಅವನು ಬೇರೆ ತಂಡ ತೆಗೆದುಕೊಳ್ಳಲಿ, ಇಲ್ಲವೇ ನೀವು ಬೇರೆ ತಂಡಕ್ಕೆ ಹೋಗಿ. ಅಲ್ಲಿನ ಕ್ಲಬ್ಬುಗಳಲ್ಲಿ ಇಂಥ ವಿಷಯ ಗುಟ್ಟಾಗಿ ಹೇಳಿಕೊಳ್ಳಲು ಒಬ್ಬರನ್ನು ನೇಮಿಸಿರುತ್ತಾರೆ. ದೂರು ಕೊಡಲು ಅಲ್ಲ, ತಂಡ ಬದಲಿಸುವುದು ಹೇಗೆ ಅಂತ ಕೇಳಲು ಅವರ ಹತ್ತಿರ ಹೋಗಬಹುದು. ಇದನ್ನು ಅವನೇ ಮುಂಚೆ ಯೋಚಿಸಬೇಕಿತ್ತು, ಅವನು ನಿಮಗಿಂತ ಮೂರು ವರ್ಷ ದೊಡ್ಡವನು.

ಈಗ ಆ ಭಾನುವಾರ.

ನಿಮ್ಮ ಪತ್ರ ಎರಡು ಸಲ ಓದಿದೆ, ಎರಡು ಸಲವೂ ಇಲ್ಲೇ ನಿಂತೆ. ನಿಮ್ಮೂರಲ್ಲಿ ಸಾವಾದರೆ ಗುಂಡಿನ ಸದ್ದಿನಲ್ಲೇ ಸುದ್ದಿ ಹೋಗುತ್ತದೆ. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ಯಾರೂ 'ಬರಲಾ?' ಅಂತ ಕೇಳುವುದಿಲ್ಲ. ಕೇಳುವುದೇ ತಪ್ಪು. ಅಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸಾವಿಗೂ ಅಂತ್ಯಕ್ರಿಯೆಗೂ ನಡುವೆ ಸಾಮಾನ್ಯವಾಗಿ ನಾಲ್ಕೈದು ದಿನ ಇರುತ್ತದೆ. ಕಾರ್ಡ್ ಬರುತ್ತದೆ, ದಿನ ಮತ್ತು ಗಂಟೆ ಬರೆದಿರುತ್ತದೆ, ಆ ಹೊತ್ತಿಗೆ ಹೋಗಿ ಕೂತು, ಕಾಫಿ ಕುಡಿದು, ನೆನಪು ಹೇಳಿ ಬರುತ್ತಾರೆ. ಅದಕ್ಕೆ ಮೊದಲು ಮನೆಗೆ ನುಗ್ಗುವುದು ಅವರ ಲೆಕ್ಕದಲ್ಲಿ ತೊಂದರೆ ಕೊಟ್ಟ ಹಾಗೆ. ಒಬ್ಬಳೇ ಇರಬೇಕು ಅನ್ನಿಸಿದವರನ್ನು ಒಬ್ಬಳೇ ಇರಲು ಬಿಡುವುದು ಅವರ ಮರ್ಯಾದೆ. ಅದಕ್ಕೇ ಅವನು ಕೇಳಿದ. ನೀವು ಏನಂದಿರಿ? ಪರವಾಗಿಲ್ಲ.

ಈ 'ಪರವಾಗಿಲ್ಲ' ನಮ್ಮ ಭಾಷೆಯ ಅತಿ ಮೋಸದ ಪದ. ಕಾಲು ತುಳಿದವರಿಗೂ ಪರವಾಗಿಲ್ಲ, ಸಾಲ ತೀರಿಸದವರಿಗೂ ಪರವಾಗಿಲ್ಲ, ಎದೆ ಒಡೆದು ಹೋಗುತ್ತಿರುವಾಗಲೂ ಪರವಾಗಿಲ್ಲ. ನಮ್ಮವರಿಗೆ ಮುಖ ನೋಡಿದರೆ ಯಾವ ಪರವಾಗಿಲ್ಲ ಅಂತ ತಿಳಿಯುತ್ತದೆ. ಊಟಕ್ಕೆ ಮೂರು ಸಲ 'ಬೇಡ' ಅಂದು ನಾಲ್ಕನೇ ಸಲ ಕೂರುವವರು ನಾವು. ನಾನು ಅಲ್ಲಿ ಹೋದ ಹೊಸದರಲ್ಲಿ ಒಬ್ಬರ ಮನೆಯಲ್ಲಿ ಸಂಜೆ ಆರಕ್ಕೆ ಊಟದ ಹೊತ್ತಿಗೆ ಕೂತಿದ್ದೆ. ಸೂಪ್ ಬೇಕಾ ಅಂದರು. ಅಭ್ಯಾಸ ಬಲದಿಂದ ಬೇಡ ಅಂದೆ. ಸರಿ ಅಂದು ಪಾತ್ರೆ ಆಚೆ ಇಟ್ಟರು. ಎರಡನೇ ಸಲ ಕೇಳಲೇ ಇಲ್ಲ. ಅವರು ತಿನ್ನುವುದನ್ನು ನೋಡುತ್ತಾ ಕೂತಿದ್ದೆ, ಹೊಟ್ಟೆ ಗುರ್ ಅನ್ನುತ್ತಿತ್ತು. ನಿಮ್ಮ ಹುಡುಗ ಮಾಡಿದ್ದೂ ಅದೇ. ನಿಮ್ಮ ಮಾತನ್ನು ಮಾತು ಅಂತಲೇ ತೆಗೆದುಕೊಂಡ.

ಇನ್ನೊಂದು ಕ್ಲಬ್ಬಿನ ವಿಷಯ. ಅಲ್ಲಿ ದೊಡ್ಡವರ ಮ್ಯಾಚುಗಳು ಭಾನುವಾರವೇ. ಬೆಳಿಗ್ಗೆ ಒಬ್ಬ ಬರುವುದಿಲ್ಲ ಅಂದರೆ ತಂಡ ಹತ್ತು ಜನರಲ್ಲಿ ಆಡಬೇಕು. ಕಾರಿನ ಪಾಳಿ ಅವನದೇ ಇದ್ದರೆ ಮೂರು ಜನ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಾರೆ. ಅಂಪೈರ್ ಕೆಲಸ, ಬಾರ್ ಕೆಲಸ ಎಲ್ಲವೂ ಸದಸ್ಯರೇ ಪಾಳಿಯಲ್ಲಿ ಮಾಡುವುದು. ನಾನೂ ಗಾಜಿನ ಲೋಟ ತೊಳೆದಿದ್ದೇನೆ. ಕೊನೇ ಗಳಿಗೆಯಲ್ಲಿ ಕೈಕೊಡುವವನಿಗೆ ಅಲ್ಲಿ ಒಳ್ಳೆಯ ಹೆಸರಿಲ್ಲ. ಹಾಗಾಗಿ ಅವನು ಮ್ಯಾಚಿಗೆ ಹೋದದ್ದನ್ನು ನಾನು ಬಿಟ್ಟುಬಿಡುತ್ತೇನೆ. ನೀವೂ ಬಿಡಿ ಅನ್ನುತ್ತೇನೆ.

ಆದರೆ ನಾಲ್ಕೂವರೆಯಿಂದ ಎಂಟೂವರೆ?

ಅದು 'ಮೂರನೇ ಹಾಫ್'. ಆಟ ಮುಗಿದ ಮೇಲೆ ಎರಡೂ ತಂಡಗಳು ಕ್ಲಬ್‌ಹೌಸಿನಲ್ಲಿ ಕೂತು ಬಿಯರ್ ಕುಡಿದು, ಬಿಟರ್‌ಬಾಲನ್ ಅನ್ನುವ ಕರಿದ ಮಾಂಸದ ಉಂಡೆ ತಿನ್ನುವ ಹೊತ್ತು. ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ ಅದರಿಂದ ಒಬ್ಬ ಎದ್ದು ಹೋದರೆ ಯಾರ ತಂಡವೂ ಹತ್ತು ಜನಕ್ಕೆ ಇಳಿಯುವುದಿಲ್ಲ. ಗೆಳತಿಯ ಅಜ್ಜಿ ತೀರಿಕೊಂಡಿದ್ದಾರೆ ಅಂದಿದ್ದರೆ ಅವನ ಜೊತೆಯವರೇ ಅವನನ್ನು ಎಬ್ಬಿಸಿ ಕಳಿಸುತ್ತಿದ್ದರು. ಬಿಯರ್‌ಗೆ ಕೂತದ್ದಕ್ಕೆ ದೇಶದ ನೆಪ ಇಲ್ಲ, ಕ್ಲಬ್ಬಿನ ನೆಪ ಇಲ್ಲ. ಕಾರು ಅವನದಾಗಿರದೆ ಉಳಿದವರಿಗೆ ಕಾಯಬೇಕಾಯಿತೋ ಏನೋ, ನೀವು ಬರೆದಿಲ್ಲ. ಕೇಳಿ. 'ನೀನು ಮ್ಯಾಚಿಗೆ ಹೋದದ್ದಲ್ಲ, ಆಮೇಲೆ ನಾಲ್ಕು ಗಂಟೆ ಬರದೇ ಇದ್ದದ್ದು ನನಗೆ ಇನ್ನೂ ನೋವು' ಅಂತ ಬಿಡಿಸಿ ಹೇಳಿ. ನವೆಂಬರ್‌ನಿಂದ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕೂತಿದ್ದೀರಿ. ಅವನಿಗೆ ಏನೂ ಗೊತ್ತಿಲ್ಲ ಅಂತ ನನಗೆ ಖಾತ್ರಿ. ಅವನು ಇದಕ್ಕೆ ಕೊಡುವ ಉತ್ತರ ನಿಮ್ಮ ಮೊದಲ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರಕ್ಕಿಂತ ಗಟ್ಟಿ. 'ನೀನೇ ಹೋಗು ಅಂದೆಯಲ್ಲ' ಅಂತ ಗೆದ್ದುಕೊಳ್ಳುವವನಾ? ಇಲ್ಲ, 'ನನಗೆ ತಿಳಿಯಲಿಲ್ಲ, ಇನ್ನು ಮೇಲೆ ನಿನ್ನ ಪರವಾಗಿಲ್ಲವನ್ನು ನಂಬುವುದಿಲ್ಲ' ಅನ್ನುವವನಾ?

ನನ್ನ ಅಂದಾಜು ಕೇಳಿದರೆ ಎರಡನೆಯವನು. ಯಾಕೆ ಅಂದರೆ ಆ ಎರಡು ಮ್ಯಾಚು. ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಏಪ್ರಿಲ್ ಅಂದರೆ ಅಲ್ಲಿ ಸೀಸನ್ನಿನ ಕೊನೆಯ ಭಾಗ, ಪಾಯಿಂಟುಗಳ ಲೆಕ್ಕ ಬಿಗಿಯಾಗುವ ಹೊತ್ತು. ಸಾವಿನ ದಿನವೂ ತಂಡವನ್ನು ಬಿಡದವನು ಈಗ ಎರಡು ಮ್ಯಾಚು ಬಿಡುತ್ತೇನೆ ಅನ್ನುತ್ತಿದ್ದಾನೆ. ಅದೂ ಇಷ್ಟು ಮುಂಚೆಯೇ. ಡಚ್ ಹುಡುಗನೊಬ್ಬ 'ಐ ಲವ್ ಯೂ' ಅಂತ ಹತ್ತು ಸಲ ಹೇಳುವುದಕ್ಕಿಂತ ಡೈರಿಯಲ್ಲಿ ಎರಡು ಭಾನುವಾರ ಹೊಡೆದು ಹಾಕುವುದು ದೊಡ್ಡದು.

ಮದುವೆ ಮಾತು ಎತ್ತಿಲ್ಲ ಅನ್ನುವುದಕ್ಕೆ: ಅವನು ಬೆಳೆದ ಕಡೆ ಮೆಟ್ಟಿಲುಗಳ ಸಾಲೇ ಬೇರೆ. ಮೊದಲು ಅಪ್ಪ ಅಮ್ಮನ ಮನೆಗೆ ಕರೆದುಕೊಂಡು ಹೋಗುವುದು, ಆಮೇಲೆ ಒಟ್ಟಿಗೆ ಮನೆ ಮಾಡುವುದು, ಬಹಳ ಆಮೇಲೆ, ಅದೂ ಇಷ್ಟವಿದ್ದರೆ, ಮದುವೆ. ಮದುವೆಯ ಬದಲು ಪಾಲುದಾರಿಕೆ ನೋಂದಾಯಿಸಿಕೊಳ್ಳುವ ದಾರಿ 1998ರಿಂದಲೇ ಅಲ್ಲಿನ ಕಾನೂನಿನಲ್ಲಿ ಇದೆ. ಇದನ್ನು ನಿಮ್ಮ ಅಮ್ಮನಿಗೆ ತಿಳಿಸಿ ಹೇಳೋಣ ಅಂದರೆ ನಮ್ಮಲ್ಲಿ ಒಂದು ಪದವೂ ಸಿಗದು. ಹಾಗಾಗಿ ಅವನ ಮೌನದಿಂದ ಏನೂ ತೀರ್ಮಾನಿಸಬೇಡಿ. ಆದರೆ ನಿಮಗೆ ಮದುವೆ ಮುಖ್ಯ ಅನ್ನುವುದು ಅವನಿಗೆ ಗೊತ್ತಿರಲೇಬೇಕು. ಸುತ್ತಿ ಬಳಸಿ ಅಲ್ಲ. 'ಗುರುವಾರ ಸಂಜೆ ಏಳಕ್ಕೆ ಕೂತು ಮಾತಾಡಬೇಕು' ಅನ್ನಿ. ಅವನು ಡೈರಿ ತೆಗೆದು ಬರೆದುಕೊಳ್ಳುತ್ತಾನೆ. ನಗಬೇಡಿ, ಹಾಗೆ ಬರೆದುಕೊಂಡರೆ ಅದು ಗಂಭೀರ.

ಮಾತಿನ ನಡುವೆ ವೀಸಾ ಬಂದೇ ಬರುತ್ತದೆ. ನಿಮ್ಮ ಓದು ಆಗಸ್ಟ್‌ಗೆ ಮುಗಿಯಬಹುದು. ಅದಕ್ಕೆ ಹೆದರಿ ಸಂಬಂಧವನ್ನು ಗಡಿಬಿಡಿಯಲ್ಲಿ ಕಟ್ಟಬೇಡಿ. ಪದವಿ ಮುಗಿಸಿದವರಿಗೆ ಅಲ್ಲಿ ಕೆಲಸ ಹುಡುಕಲು ಒಂದು ವರ್ಷದ ಪರವಾನಗಿ ಸಿಗುತ್ತದೆ, ಪದವಿ ಸಿಕ್ಕ ಮೂರು ವರ್ಷದೊಳಗೆ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆ ಒಂದು ವರ್ಷ ನಿಮ್ಮ ಕಾಲ ಮೇಲೆ ನೀವು ನಿಲ್ಲಬಹುದು, ಅವನ ಹಂಗು ಬೇಡ. ಸಂಗಾತಿ ಅಂತ ಪರವಾನಗಿ ತೆಗೆಯಲು ಮದುವೆಯೇ ಆಗಬೇಕು ಅಂತಲೂ ಅಲ್ಲಿ ಇಲ್ಲ, ಆದರೆ ಅದಕ್ಕೆ ಅವನ ಆದಾಯ ತೋರಿಸಬೇಕು, ನೀವು ಅವನ ಮೇಲೆ ನಿಂತ ಹಾಗಾಗುತ್ತದೆ. ಮೊದಲನೆಯ ದಾರಿ ಮೊದಲು. ಹಾಗೇ, ಏಪ್ರಿಲ್ ರಜೆಯಲ್ಲೇ ಇಲ್ಲಿ ರಿಜಿಸ್ಟರ್ ಮದುವೆ ಆಗಿಬಿಡೋಣ ಅಂತ ಯಾರಾದರೂ ಗೆಳತಿ ತಲೆಗೆ ತುಂಬಿದರೆ ಕೇಳಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ನೋಟಿಸ್ ಕೊಡುವ ಮೊದಲು ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ಇದ್ದಿರಬೇಕು. ಆ ನೋಟಿಸನ್ನು ಕಚೇರಿಯಲ್ಲಿ ಅಂಟಿಸುತ್ತಾರೆ ಬೇರೆ.

ಇಂಥ ಜೋಡಿಗಳ ಮಾತು ಬಂದಾಗಲೆಲ್ಲ ನನಗೆ ಹಳೆಯ ಒಂದು ಜೋಡಿ ನೆನಪಾಗುತ್ತದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್. ಅಮೆರಿಕದ ಹ್ಯಾರಲ್ಡ್ ಕಾನಲಿ ಹ್ಯಾಮರ್ ಎಸೆತದಲ್ಲಿ ಚಿನ್ನ ಗೆದ್ದರು. ಜೆಕೊಸ್ಲೊವಾಕಿಯಾದ ಓಲ್ಗಾ ಫಿಕೊಟೊವಾ ಡಿಸ್ಕಸ್‌ನಲ್ಲಿ ಚಿನ್ನ ಗೆದ್ದರು. ಶೀತಲ ಸಮರದ ದಿನಗಳಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಮರುವರ್ಷವೇ ಪ್ರಾಗ್‌ನಲ್ಲಿ ಮದುವೆ, ಓಟದ ದೊಡ್ಡ ಹೆಸರು ಎಮಿಲ್ ಝಾಟೊಪೆಕ್ ಮದುಮಗನ ಪಕ್ಕದಲ್ಲಿ ನಿಂತಿದ್ದರು. ಎಲ್ಲರೂ ಹೇಳುವ ಕಥೆ ಇಲ್ಲಿಗೆ ನಿಲ್ಲುತ್ತದೆ. ನಾನು ಅದರ ಮುಂದಿನದನ್ನು ಹೇಳುತ್ತೇನೆ. ಓಲ್ಗಾ ಅಮೆರಿಕಕ್ಕೆ ಹೋದರು. ತಾಯ್ನಾಡಿಗೆ ಮತ್ತೆ ಆಡಲೇ ಇಲ್ಲ. 1960ರಿಂದ 1972ರವರೆಗೆ ನಾಲ್ಕು ಒಲಿಂಪಿಕ್ಸ್‌ಗಳಲ್ಲಿ ಅಮೆರಿಕದ ಪರ ಎಸೆದರು, ಮ್ಯೂನಿಕ್‌ನಲ್ಲಿ ಆ ದೇಶದ ಬಾವುಟ ಹಿಡಿದು ಮುಂದೆ ನಡೆದರು. 1973ರಲ್ಲಿ ಇಬ್ಬರೂ ಬೇರೆಯಾದರು. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಹದಿನಾರು ವರ್ಷದ ಮದುವೆ ಸಣ್ಣದೇನೂ ಅಲ್ಲ. ಆ ಕಥೆಯಲ್ಲಿ ಬಾವುಟ ಬದಲಿಸಿದ್ದು ಒಬ್ಬರೇ, ಅದನ್ನು ನೋಡಿ ಅಂತ. ನಿಮ್ಮಿಬ್ಬರ ನಡುವೆ ಯಾರು ಎಲ್ಲಿಗೆ ಬರುತ್ತಾರೆ? ಕೊಡಗಿಗೆ ಬಂದರೆ ಅವನು ಎಲ್ಲಿ ಆಡುತ್ತಾನೆ, ಏನು ಕೆಲಸ ಮಾಡುತ್ತಾನೆ? ನೀವು ಅಲ್ಲೇ ಉಳಿದರೆ ನಿಮ್ಮ ಅಪ್ಪ ಅಮ್ಮನ ವಯಸ್ಸಾದ ಕಾಲಕ್ಕೆ ಏನು? ಗುರುವಾರ ಏಳು ಗಂಟೆಗೆ ಇದನ್ನೂ ಕೇಳಿ.

ಇನ್ನು ಕೋಚ್.

ತಂಗಿ, ಇದು ನಿಮ್ಮ ತಪ್ಪು, ಪೂರ್ತಿ ನಿಮ್ಮದೇ. ಮೇಲಾಗಿ ಬಹಳ ನಂಬುವಂಥ ಸುಳ್ಳು ಹೇಳಿದ್ದೀರಿ, ಅದೇ ತೊಂದರೆ. ಡಚ್ ಕೋಚ್ ಅಂದರೆ ನಿಮ್ಮ ಚಿಕ್ಕಪ್ಪನಿಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡವನ್ನು ನಾಲ್ಕನೇ ಸ್ಥಾನಕ್ಕೆ ತಂದ ಶೋರ್ಡ್ ಮರೈನ್ ನೆನಪಾಗುತ್ತಾರೆ. ಊರಿನ ಮಕ್ಕಳನ್ನೆಲ್ಲ ಸೇರಿಸಿ 'ಸಾರ್ ಒಂದು ಕ್ಯಾಂಪ್ ಮಾಡಿ' ಅನ್ನುತ್ತಾರೆ. ಹಾರ ತರಿಸುತ್ತಾರೆ. ಅಲ್ಲಿ ನಿಂತ ನಿಮ್ಮ ಹುಡುಗನನ್ನು ಯಾರಾದರೂ 'ನೀವು ಇವಳಿಗೆ ಏನಾಗಬೇಕು?' ಅಂತ ಕೇಳಿದರೆ ಅವನು ನಿಜ ಹೇಳುತ್ತಾನೆ. ಸುಳ್ಳು ಹೇಳು ಅಂತ ನೀವು ಮೊದಲೇ ಹೇಳಿಕೊಟ್ಟಿದ್ದರೆ ಅದನ್ನೂ ಹೇಳಿಯಾನು. ಪಾಸ್ ಕೆಟ್ಟದಾಗಿತ್ತು ಅಂತ ಮುಖಕ್ಕೆ ಹೇಳುವವನಿಂದ ನಾಟಕ ಮಾಡಿಸಲು ಹೋಗಬೇಡಿ.

ಜೊತೆಗೆ, ಅದು ಯಾವ ಹಬ್ಬ ಅಂತ ಯೋಚಿಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ ಅರವತ್ತು ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಬಂದು ಗಿನ್ನೆಸ್ ದಾಖಲೆಯಾಯಿತು. ಗ್ಯಾಲರಿಯಲ್ಲಿ ಕೂತವರೆಲ್ಲ ಒಬ್ಬರಿಗೊಬ್ಬರು ಯಾವುದೋ ಸಂಬಂಧ. ಅಲ್ಲಿ ಬಿಳಿ ಹುಡುಗನೊಬ್ಬ ನಿಮ್ಮ ಪಕ್ಕ ಕೂತರೆ ಎರಡನೇ ಹಾಫಿನೊಳಗೆ ಸುದ್ದಿ ವಿರಾಜಪೇಟೆ ದಾಟಿರುತ್ತದೆ.

ಅವನು ಬರುವ ಮೊದಲು ನೀವು ಅವನಿಗೂ ಒಂದು ವಿಷಯ ತಿಳಿಸಬೇಕು. ಖಂಡಿತ ಕೇಳುತ್ತಾನೆ, 'ನಾನೂ ಒಂದು ಮ್ಯಾಚ್ ಆಡಬಹುದಾ?' ಅಂತ. ಆಡುವಂತಿಲ್ಲ, ಒಕ್ಕದವರೇ, ಅಂದರೆ ಆ ಮನೆತನದವರೇ ಆಡಬೇಕು. ಅವನಿಗೆ ಇದು ಅರ್ಥವಾಗುವುದು ಕಷ್ಟ. ಅವನ ಊರಲ್ಲಿ ತಂಡ ಸೇರಲು ಚಂದಾ ಕಟ್ಟಿದರೆ ಸಾಕು. ಕೊಡಗಿನಿಂದ ಬಂದ ಹುಡುಗಿಗೂ ಒಂದೇ ತಿಂಗಳಲ್ಲಿ ಜೆರ್ಸಿ ಸಿಕ್ಕಿತು, ಅಲ್ವಾ? ನಿಮ್ಮೂರ ತಂಡಕ್ಕೆ ಸೇರಲು ಆ ಮನೆಯವರಾಗಿರಬೇಕು. ಜೆರ್ಸಿಯ ಮೇಲೆ ಮನೆತನದ ಹೆಸರಿರುತ್ತದೆ. ಅವನಿಗೆ ತಂಡ ಅಂದರೆ ಆರಿಸಿಕೊಂಡದ್ದು, ನಿಮ್ಮವರಿಗೆ ತಂಡ ಅಂದರೆ ಬಂದದ್ದು. ನಿಮ್ಮ ಅಮ್ಮ ಅಪ್ಪ ಬೇಡ ಅನ್ನುವುದಾದರೆ ಅದರ ಹಿಂದೆ ಇರುವುದು ಬರೀ ಹಟ ಅಲ್ಲ. ಚಿಕ್ಕ ಜನಾಂಗ, ಐನ್‌ಮನೆ ಅನ್ನುವ ಮನೆತನದ ಮೂಲ ಮನೆ, ಹಿರಿಯರಿಗೆ ದೀಪ ಇಡುವ ಕಡೆ ಮೊಮ್ಮಕ್ಕಳು ನಿಲ್ಲುತ್ತಾರಾ ಅನ್ನುವ ಹೆದರಿಕೆ. ಅದನ್ನು ಹಳೇ ಕಾಲದ್ದು ಅಂತ ತಳ್ಳಬೇಡಿ, ಅವನ ಎದುರಂತೂ ಹಾಗೆ ಹೇಳಲೇಬೇಡಿ. ಅವನೂ ಆ ಹೆದರಿಕೆಗೆ ಕಿವಿ ಕೊಟ್ಟು ಕೂರುತ್ತಾನಾ ಅಂತ ನೋಡಿ.

ಮನೆಯಲ್ಲಿ ಹೇಳುವುದು ಯಾರಿಗೆ ಮೊದಲು? ಇಂಥ ಕಡೆ ಎಲ್ಲರೂ ಕೊಡುವ ಸಲಹೆ, ನಿಮ್ಮ ಪರ ನಿಲ್ಲುವ ಒಬ್ಬರನ್ನು ಮೊದಲು ಹಿಡಿಯಿರಿ ಅಂತ. ನಿಮಗೂ ಚಿಕ್ಕಪ್ಪನಿಗೇ ಮೊದಲು ಹೇಳೋಣ ಅನ್ನಿಸಿರುತ್ತದೆ. ನಾನು ಒಪ್ಪುವುದಿಲ್ಲ. ಗಂಡು ಹುಡುಕುತ್ತಾ ನಾಲ್ಕು ಜನರ ಹತ್ತಿರ ಮಾತಾಡಿರುವುದು ನಿಮ್ಮ ಅಮ್ಮ. ಮಗಳ ವಿಷಯ ಮೈದುನನ ಬಾಯಿಂದ ಕೇಳಿದರೆ ಆ ನೋವು ಹುಡುಗ ಡಚ್ ಅನ್ನುವ ನೋವಿಗಿಂತ ದೊಡ್ಡದಾಗುತ್ತದೆ. ಮೊದಲು ಅಮ್ಮನಿಗೆ, ಅದೇ ದಿನ ಅಪ್ಪನಿಗೆ. ಚಿಕ್ಕಪ್ಪ ಆಮೇಲೆ ತಾವೇ ಬರುತ್ತಾರೆ.

ಅವನನ್ನು ಮೊದಲ ಕರೆಗೆ ಕೂರಿಸಿಕೊಳ್ಳಬೇಡಿ. ಫೋಟೊ ಕಳಿಸಬೇಡಿ. ಮದುವೆ ಆಗುತ್ತೇನೆ ಅಂತಲೂ ಹೇಳಬೇಡಿ, ಅದು ಇನ್ನೂ ನಿಮಗೇ ಗೊತ್ತಿಲ್ಲ. 'ಅಮ್ಮ, ಕೋಚ್ ಅಂತ ಹೇಳಿದ್ದು ಅರ್ಧ ನಿಜ. ನನಗೆ ಅವನು ಇಷ್ಟ. ನೀವು ನೋಡದೆ ನಾನು ಮುಂದೆ ಏನೂ ತೀರ್ಮಾನ ಮಾಡಿಲ್ಲ' ಅನ್ನಿ. ಇಷ್ಟೇ. ಅಮ್ಮ ಫೋನ್ ಇಟ್ಟುಬಿಡಬಹುದು. ಮತ್ತೆ ಮಾಡಲು ಎರಡು ದಿನ ಬಿಡಿ. ಅವರು ಬರಬೇಡ ಅಂದರೆ ಅವನು ಈ ಏಪ್ರಿಲ್‌ನಲ್ಲಿ ಬರುವುದು ಬೇಡ, ಹಬ್ಬ ಮುಂದಿನ ವರ್ಷವೂ ಇರುತ್ತದೆ. ಬರಲಿ ಅಂದರೆ ಅವನಿಗೆ ಮೊದಲೇ ಹೇಳಿಕೊಡಿ: ಪಂದಿ ಕರಿ ಇನ್ನೊಂದು ಸಲ ಬಡಿಸಲು ಬಂದಾಗ 'ನೋ ಥ್ಯಾಂಕ್ಸ್' ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ವಿಮಾನದ ಟಿಕೆಟ್ ತೆಗೆಯುವ ಮೊದಲು ಕರೆ ಮಾಡಿ. ಶನಿವಾರ ಅಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂತರೆ ಮನೆಯಲ್ಲಿ ಮಧ್ಯಾಹ್ನ ಎರಡೂವರೆ. ಊಟ ಆಗಿರುತ್ತದೆ, ಅಪ್ಪ ತೋಟಕ್ಕೆ ಹೊರಟಿರುವುದಿಲ್ಲ.